ಅರವತ್ತು ಅಕ್ಷರಗಳ ಆಚೆ

ದಯವಿಟ್ಟು ಚಪ್ಪಲಿ ಹೊರಗೆ ಬಿಡಿ ಎನ್ನುವ ಇಂಗ್ಲಿಷ್ ಬೋರ್ಡು, ಇಪ್ಪತ್ತೊಂಬತ್ತು ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ — ಹರ್ಷಿಣಿಯ ಬೆರಳುಗಳು ತಮ್ಮಷ್ಟಕ್ಕೆ ತಾವೇ ತೊಡೆಯ ಮೇಲೆ ಎಣಿಸಿ ಮುಗಿಸಿದವು, ಏಳು ವರ್ಷದ ಚಾಳಿ ಇದು, ಲಾರಿಯ ಹಿಂದಿನ ಬರಹ, ಮದುವೆಯ ಕಮಾನು, ಔಷಧದ ಡಬ್ಬಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವುದು, ಅರವತ್ತರ ಒಳಗಿದ್ದರೆ ಏನೋ ಸಮಾಧಾನ, ದಾಟಿದರೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ, ಯಾಕೆಂದರೆ ಫೋನಿನಲ್ಲಿ ಏನಾದರೂ ಹುಡುಕಿದಾಗ ಮೊದಲು ಕಾಣುವ ಆ ನೀಲಿ ಸಾಲು, ಪುಟದ ತಲೆಬರಹ, ಅರವತ್ತರ ಹತ್ತಿರ ಕತ್ತರಿಸಿ ಹೋಗುತ್ತದೆ, ಆಮೇಲೆ ಮೂರು ಚುಕ್ಕಿ, ಅದರಾಚೆ ಏನು ಬರೆದರೂ ಬಾವಿಗೆ ಹಾಕಿದಂತೆ, ಅಂಗಡಿ ಆಸ್ಪತ್ರೆಗಳಿಗೆ ಆ ಸಾಲು ಬರೆದುಕೊಡುವುದೇ ಅವಳ ಕೆಲಸ. ಛತ್ರಪತಿ ಸಂಭಾಜಿನಗರ ಎಂಬ ಹೆಸರೊಂದೇ ಇಂಗ್ಲಿಷಿನಲ್ಲಿ ಇಪ್ಪತ್ತೈದನ್ನು ನುಂಗುತ್ತದೆ, ಈ ಊರಿನವರಿಗೆ ತಲೆಬರಹ ಬರೆಯುವುದು ಎಂದರೆ ಚಿಕ್ಕ ಡಬ್ಬಿಯಲ್ಲಿ ದೊಡ್ಡ ಚಕ್ಕುಲಿ ತುಂಬುವ ಕೆಲಸ. ಅವಳು ಪುಟ ಬರೆದುಕೊಟ್ಟ ಈ ಆಸ್ಪತ್ರೆಯ ಡಾಕ್ಟರ್ ಶಶಿಕಾಂತರು ಒಳಗೆ ಪೇಷಂಟ್ ನೋಡುತ್ತಿದ್ದಾರೆ, ಹನ್ನೊಂದಕ್ಕೆ ಮೀಟಿಂಗ್ ಎಂದಿದ್ದರು, ಹನ್ನೊಂದಾಗಿ ನಾಲ್ಕು ನಿಮಿಷ, ಲ್ಯಾಪ್‌ಟಾಪಿನಲ್ಲಿ ಆ ಪುಟ ಒತ್ತಿದವರ ಗ್ರಾಫು ತೆರೆದಿಟ್ಟು ಕಾಯುತ್ತಿದ್ದಾಳೆ, ಮಳೆ ಹಿಡಿದ ಮೇಲೆ ನೆಟ್ಟಗೆ ಏರಿದ ಗ್ರಾಫು, ಅದನ್ನು ನೋಡಿದರೆ ಡಾಕ್ಟರಿಗೆ ಖುಷಿಯಾಗುತ್ತದೆ, ಕಟುವಾದ ಫಿನಾಯಿಲ್ ವಾಸನೆ, ರಿಸೆಪ್ಷನ್ನಿನ ರುಚಿತಾ ಬಿಸ್ಕೀಟು ಅದ್ದಿ ಚಹಾ ಕುಡಿಯುತ್ತಿದ್ದಾಳೆ, ಫೋನು ನಡುಗಿತು, ಅಮ್ಮ.

ಹರ್ಷಿಣಿ, ಹೆದರ್ಬೇಡ ಮಗಾ, ನಮಗೆ ಎಂತ ಆಗ್ಲಿಲ್ಲ, ಆ ಗಾರೆಕೆಲಸದ ಸಕ್ರವ್ವನಿಗೆ ಹುಳ ಮುಟ್ಟಿತು. ಅಮ್ಮ ಹಾವು ಎನ್ನುವುದಿಲ್ಲ, ಅವಳ ಹೆಸರು ಗುಣವತಿ, ಕುಂದಾಪುರದ ಕಡೆಯವಳು, ನಾಸಿಕ್ ರೋಡ್ ಬಡಾವಣೆಗೆ ಬಂದು ಹೋಟೆಲಿಟ್ಟು ಮೂವತ್ತು ವರ್ಷವಾದರೂ ಅದರ ಹೆಸರು ಬಾಯಲ್ಲಿ ಬಾರದು, ಹೆಸರು ಹೇಳಿದರೆ ಬರುತ್ತದಂತೆ. ಹಿಂದುಗಡೆ ಹೊಸ ಅಡಿಗೆಮನೆ ಕಟ್ಟಿಸ್ತಿದ್ದೇವಲ್ಲ, ಇಟ್ಟಿಗೆ ರಾಶಿಗೆ ಕೈ ಹಾಕಿದಳಂತೆ, ಹೆಡೆ ಎತ್ತುವ ಹುಳವೇ ಅಂತ ಮಹಾದೇವಪ್ಪ ಹೇಳ್ತಾನೆ, ಹೆಂಡ್ತಿಯನ್ನು ಹೊತ್ತುಕೊಂಡೇ ಓಡಿ ಬಂದ ಪಾಪ, ದಿಗಂತ್ ಕಾರಲ್ಲಿ ಕೂರಿಸ್ಕೊಂಡು ಹೋದ. ಎಲ್ಲಿಗೆ ಹೋದ ಅಮ್ಮ. ಎಲ್ಲಿಗೆ ಅಂದ್ರೆ, ನಿನ್ನ ಡಾಕ್ಟ್ರಲ್ಲಿಗೇ, ಮಹಾದೇವಪ್ಪ ಸರಕಾರಿ ದವಾಖಾನೆಗೆ ಹೋಗುವ ಅಂತಿದ್ದ, ದಿಗಂತನೇ ಫೋನಲ್ಲಿ ಹುಡುಕಿದ, ಮೊದಲು ಅದೇ ಬಂತಂತೆ, ಇಪ್ಪತ್ನಾಲ್ಕು ಗಂಟೆಯೂ ಉಂಟು, ಅಕ್ಕ ಬರ್ದ ಆಸ್ಪತ್ರೆ ಅಂತ ಅವನೇ ಹೇಳಿದ — ಅಮ್ಮನ ದನಿಯಲ್ಲಿ ಹೆದರಿಕೆಯ ಜೊತೆ ಒಂದು ಚೂರು ಹೆಮ್ಮೆ. ನಾಸಿಕ್ ರೋಡಿನಲ್ಲಿರುವ ಡಾಕ್ಟರ ಶಾಖೆಯಲ್ಲಿ ಏನೂ ಇಲ್ಲ. ಒಂದು ಕೋಣೆ, ಒಂದು ಶಟರ್, ವಾರಕ್ಕೆ ಮೂರು ದಿನ ಸಂಜೆ ಐದರಿಂದ ಎಂಟು, ಕಾಂಪೌಂಡರ್ ದೇವದಾಸ ಬಂದು ಬಾಗಿಲು ತೆಗೆದರೆ ಉಂಟು ಇಲ್ಲದಿದ್ದರೆ ಇಲ್ಲ. ವಿಷಕ್ಕೆ ಕೊಡುವ ಇಂಜೆಕ್ಷನ್ನು ಇರುವುದು ಇಲ್ಲಿ, ಸಂಭಾಜಿನಗರದಲ್ಲಿ, ಅವಳು ಕೂತ ಕುರ್ಚಿಯಿಂದ ಹತ್ತು ಹೆಜ್ಜೆಯ ಫ್ರಿಜ್ಜಿನಲ್ಲಿ. ಅಮ್ಮಾ ಅಲ್ಲಿ ಯಾರೂ ಇಲ್ಲ, ಅಲ್ಲಿ ಮದ್ದಿಲ್ಲ, ಬಾಗಿಲೇ ತೆಗೆಯುವುದಿಲ್ಲ, ದಿಗಂತನಿಗೆ ಹೇಳು ವಾಪಸ್ ಹೋಗು ಅಂತ, ಸರಕಾರಿ ಆಸ್ಪತ್ರೆಗೆ. ಅತ್ತ ಹಂಚಿನ ಮೇಲೆ ದೋಸೆ ಚುಂಯ್ ಎಂದದ್ದು ಕೇಳಿಸಿತು, ಆಮೇಲೆ ಅಮ್ಮ ಮೆಲ್ಲಗೆ, ಇಲ್ಲ ಅಂದ್ರೆ ಎಂತದು, ಉಂಟು ಅಂತ ನೀನೇ ಬರ್ದದ್ದಲ್ವಾ.

ತಮ್ಮ ದಿಗಂತನಿಗೆ ಒತ್ತಿದಳು, ಒಂದೇ ರಿಂಗು, ಕಡಿಯಿತು, ಗಾಡಿ ಓಡಿಸುತ್ತಿದ್ದೇನೆ ಆಮೇಲೆ ಮಾಡುತ್ತೇನೆ ಎಂಬ ಸಿದ್ಧ ಮೆಸೇಜು ತಾನಾಗಿ ಬಂತು, ಮತ್ತೆ ಒತ್ತಿದಳು, ಅದೇ ಮೆಸೇಜು, ಆ ಡ್ರೈವಿಂಗ್ ಮೋಡ್ ಅನ್ನು ಹಾಕಿಕೊಟ್ಟವಳೂ ಅವಳೇ, ಹೋದ ವರ್ಷ ಫೋನಿನಲ್ಲಿ ಮಾತಾಡುತ್ತ ಡಿವೈಡರಿಗೆ ಗುದ್ದಿದ್ದಕ್ಕೆ ಕಿವಿ ಹಿಂಡಿ ಹಾಕಿಕೊಟ್ಟದ್ದು. ಮಹಾದೇವಪ್ಪನ ನಂಬರ್ ಇದೆಯಾ ಅಮ್ಮಾ, ಅವನ ಫೋನು ಇಲ್ಲೇ ಗೂಟಕ್ಕೆ ಹಾಕಿದ ಅಂಗಿಯ ಕಿಸೆಯಲ್ಲುಂಟು ಮಗಾ. ಅಪ್ಪನನ್ನು ಕಳಿಸು, ಸ್ಕೂಟರಿನಲ್ಲಿ, ಬೇಗ, ಅಪ್ಪನ ಹೆಸರು ಹಿಡಿದು ಅಮ್ಮ ಎಂದೂ ಕರೆದವಳಲ್ಲ, ಈಗ ಓಯ್ ಕೇಳಿತಾ, ಓಯ್, ಎನ್ನುತ್ತ ಹೋದದ್ದು ಕೇಳಿಸಿತು, ಗಲ್ಲಾಪೆಟ್ಟಿಗೆಯ ಹತ್ತಿರ ಅಪ್ಪನ ದನಿ, ರತ್ನಾಕರರ ಆ ನಿಧಾನದ ದನಿ, ಎಂತ, ಎಲ್ಲಿ, ಯಾರು ಹೇಳಿದ್ದು, ಆಮೇಲೆ ಸ್ಕೂಟರು ಸ್ಟಾರ್ಟಾದ ಸದ್ದು. ಹನ್ನೊಂದು ಒಂಬತ್ತು. ಹೋಟೆಲಿನಿಂದ ಶಟರಿಗೆ ಇಗತಪುರಿ ರಸ್ತೆಯ ಕಡೆ ಇಪ್ಪತ್ತು ನಿಮಿಷ, ಸರಕಾರಿ ಆಸ್ಪತ್ರೆ ಅದಕ್ಕೆ ಪೂರ್ತಿ ಎದುರು ದಿಕ್ಕು, ಅಂದರೆ ಹೋದಷ್ಟು ತಿರುಗಿ ಬರಬೇಕು, ಅದರ ಮೇಲೆ ಇನ್ನೊಂದಷ್ಟು. ದೇವರೇ, ಅವನು ಪುಟ ತೆರೆದು ಓದಿದ್ದರೆ. ಓದಿದ್ದರೆ ಗೊತ್ತಾಗುತ್ತಿತ್ತು, ನಾಲ್ಕನೆಯ ಪ್ಯಾರಾದಲ್ಲಿ ಬರೆದಿದ್ದಾಳೆ, ಸ್ಪಷ್ಟವಾಗಿ ಬರೆದಿದ್ದಾಳೆ. ಯಾರು ಓದುತ್ತಾರೆ. ಹಾವು ಕಡಿದವರನ್ನು ತೊಡೆಯ ಮೇಲೆ ಹಾಕಿಕೊಂಡು ನಾಲ್ಕನೆಯ ಪ್ಯಾರಾ ಯಾರು ಓದುತ್ತಾರೆ. ಜನ ಪುಟ ಓದುವುದಿಲ್ಲ, ತಲೆಬರಹ ಓದುತ್ತಾರೆ, ಅದನ್ನೇ ನಂಬಿ ಬೆರಳು ಒತ್ತುತ್ತಾರೆ, ಆದ್ದರಿಂದ ಮುಖ್ಯವಾದದ್ದು ಮೊದಲಲ್ಲೇ ಇರಬೇಕು — ಕಾಲೇಜಿನ ಹುಡುಗಿಯರಿಗೆ ಪಾಠ ಮಾಡಲು ಹೋದಾಗ ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಾಳೆ ಇದನ್ನು, ಕೆಳಗೆ ಎರಡು ಗೆರೆ ಬೇರೆ ಎಳೆಯುತ್ತಾಳೆ.

ಫೋನಿನಲ್ಲಿ ಹುಡುಕಿ ನೋಡಿದಳು, ಹಾವು ಕಡಿತ ನಾಸಿಕ್, ಎಲ್ಲಕ್ಕಿಂತ ಮೇಲೆ ಅದೇ ಬಂತು, ಬರದೆ ಏನು, ಮೂರು ತಿಂಗಳು ಒದ್ದಾಡಿ ಮೇಲೆ ತಂದದ್ದು. ಸ್ನೇಕ್ ಬೈಟ್ ಟ್ರೀಟ್‌ಮೆಂಟ್ ೨೪ ಅವರ್ಸ್ ನಾಸಿಕ್ ರೋಡ್, ಛತ್ರಪತಿ ಸಂಭ, ಮೂರು ಚುಕ್ಕಿ. ಆ ಚುಕ್ಕಿಗಳ ಆಚೆ ಏನಿತ್ತೆಂದು ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತು, ನಾಸಿಕ್‌ನಲ್ಲಿ ಸಂಜೆಯ ತಪಾಸಣೆ ಮಾತ್ರ, ಅಂತ ಇತ್ತು. ಸತ್ಯವನ್ನು ಅವಳು ಬಿಟ್ಟಿರಲಿಲ್ಲ, ಕೊನೆಗೆ ಇಟ್ಟಿದ್ದಳು. ಎರಡು ಊರಿಗೆ ಎರಡು ಪುಟ ಮಾಡೋಣ ಸರ್, ಎರಡು ತಲೆಬರಹ ಇರಲಿ ಎಂದು ಅವಳು ಹೇಳಿದ್ದು ನಿಜ, ಡಾಕ್ಟರ್ ಶಶಿಕಾಂತರು ನಕ್ಕು, ಅರೇ ಹರ್ಷಿಣೀಜಿ, ಎರಡು ಪುಟ ಮಾಡಿದರೆ ಹುಡುಕಾಟದಲ್ಲಿ ಮೇಲೆ ಬರುವ ಶಕ್ತಿ ಒಡೆದು ಹೋಗುತ್ತದೆ ಅಂತ ಹಿಂದೆ ನೀವೇ ಹೇಳಿದ್ದು, ಒಂದರಲ್ಲೇ ಎರಡೂ ಬರಲಿ, ನಾಸಿಕ್ ಮೊದಲು ಬರಲಿ, ಅಲ್ಲಿ ನಮ್ಮ ಹೆಸರು ಏಳಬೇಕು ಎಂದದ್ದೂ ನಿಜ. ಅವರು ಕೆಟ್ಟವರಲ್ಲ, ಖುಲ್ತಾಬಾದಿನ ಆಚೆಯ ಹೊಲಗಳಿಂದ ಎಷ್ಟು ಜನರನ್ನು ಎತ್ತಿಕೊಂಡು ಬಂದಿದ್ದಾರೆ, ಎಷ್ಟು ಜನ ಇದೇ ಬಾಗಿಲಿಂದ ನಡೆದುಕೊಂಡು ಮನೆಗೆ ಹೋಗಿದ್ದಾರೆ, ಅವರಿಗೆ ಅಕ್ಷರದ ಲೆಕ್ಕ ಗೊತ್ತಿಲ್ಲ. ಅವಳಿಗೆ ಗೊತ್ತಿತ್ತು. ಬೆರಳಿನಲ್ಲಿ ಎಣಿಸಿದ್ದಳು, ಇಪ್ಪತ್ತೊಂಬತ್ತು, ನಲವತ್ತೆರಡು, ಐವತ್ತೈದು, ಅರವತ್ತಕ್ಕೆ ಸಂಭಾಜಿಯ ತಲೆಯಷ್ಟೇ ಕಾಣುತ್ತದೆ ಎಂದು ಗೊತ್ತಿದ್ದೇ ಆಮೇಲಿನದನ್ನು ಬರೆದಳು, ಬರೆದೆನಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲಿಕ್ಕೆ ಬರೆದಳು. ಇದಕ್ಕೆ ಏನೆನ್ನುತ್ತಾರೆ, ಮರೆತದ್ದು ಎನ್ನುತ್ತಾರಾ, ತಪ್ಪಿದ್ದು ಎನ್ನುತ್ತಾರಾ, ಬೇಡ, ಈಗ ಅದು ಬೇಡ, ಹನ್ನೊಂದು ಹದಿನೈದು.

ಶಟರಿನ ಒಳಗೆ ಒಂದು ಫೋನಿದೆ, ಮೇಜಿನ ಮೇಲೆ, ಕೆಂಪು ಬಣ್ಣದ್ದು, ಅದಕ್ಕೆ ಮಾಡಿದರೆ, ಅಕಸ್ಮಾತ್ ದೇವದಾಸ ಬಂದಿದ್ದರೆ, ಗುಡಿಸಲಿಕ್ಕೋ ಬಿಲ್ಲು ತುಂಬಲಿಕ್ಕೋ ಬಂದಿದ್ದರೆ, ಅವನೇ ಹೊರಗೆ ನಿಂತು ಅವರನ್ನು ತಿರುಗಿಸಿ ಕಳಿಸಬಹುದು. ಮಾಡಿದಳು. ಟ್ರೀಣ್ ಟ್ರೀಣ್, ಯಾರೂ ಎತ್ತಲಿಲ್ಲ, ತಾನಾಗಿ ನಿಂತಿತು. ಮತ್ತೆ ಮಾಡಿದಳು, ಎತ್ತೋ ದೇವದಾಸ, ಎತ್ತು, ನಿನ್ನ ಕಾಲಿಗೆ ಬೀಳುತ್ತೇನೆ ಎತ್ತು. ರುಚಿತಾ ಚಹಾದ ಲೋಟ ಕೆಳಗಿಟ್ಟು ಕೇಳುತ್ತಾಳೆ, ಕಾಯ್ ಝಾಲಂ ದೀದಿ, ಏನಾಯಿತು, ಮುಖ ಬೆಳ್ಳಗಾಗಿದೆ ನಿಮ್ಮದು. ಹೇಳಿದಳು, ಅರ್ಧಂಬರ್ಧ, ಎಡಗಿವಿಯಲ್ಲಿ ಆ ಟ್ರೀಣ್ ಕೇಳುತ್ತಲೇ. ರುಚಿತಾ ಅಯ್ಯೋ ಎಂದು ತುಟಿ ಕಚ್ಚಿಕೊಂಡು, ನಾಸಿಕ್‌ನಿಂದ ವಾರಕ್ಕೆ ನಾಲ್ಕೈದು ಫೋನು ಬರುತ್ತವೆ ದೀದಿ, ಹಾವು ಕಡಿದಿದೆ ಎಲ್ಲಿಗೆ ಬರಲಿ ಅಂತ, ಅಲ್ಲಿ ಇಲ್ಲ ಸರಕಾರಿಗೆ ಹೋಗಿ ಅಂತ ಹೇಳಿಬಿಡುತ್ತೇನೆ, ಹೇಳುತ್ತೇನಲ್ಲ, ಅಂದಳು. ವಾರಕ್ಕೆ ನಾಲ್ಕೈದು. ಕೇಳಿ ಬರುವವರು ನಾಲ್ಕೈದು. ಕೇಳದೆ ಹೋದವರು? ಅವರು ಯಾಕೆ ಫೋನು ಮಾಡುತ್ತಾರೆ, ಶಟರಿನ ಮುಂದೆ ನಿಂತು, ಬೈದು, ಎಲ್ಲಿಗೋ ಹೋಗಿರುತ್ತಾರೆ, ಮುಟ್ಟಿದ್ದಾರೋ ಇಲ್ಲವೋ ಯಾರಿಗೆ ಗೊತ್ತು. ಲ್ಯಾಪ್‌ಟಾಪಿನ ಗ್ರಾಫು ಇನ್ನೂ ತೆರೆದೇ ಇದೆ, ಜುಲೈ ತಿಂಗಳು ಮುನ್ನೂರ ಹನ್ನೆರಡು ಜನ ಆ ತಲೆಬರಹ ಒತ್ತಿದ್ದಾರೆ, ಆ ಅಂಕಿಯನ್ನು ಅವಳು ನಿನ್ನೆ ರೈಲಿನಲ್ಲಿ ಹಸಿರು ಬಣ್ಣ ಹಾಕಿ ದಪ್ಪ ಮಾಡಿದ್ದಳು, ಮೀಟಿಂಗಿನಲ್ಲಿ ಚೆನ್ನಾಗಿ ಕಾಣಲಿ ಎಂದು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು, ಮತ್ತೆ ರಿಂಗು ಮಾಡಿದಳು, ಎತ್ತು, ಎತ್ತು, ಎತ್ತು, ಹನ್ನೊಂದು ಇಪ್ಪತ್ತೆರಡು, ಸುಮ್ಮನೆ ಕೂತಿರಲಿಕ್ಕೆ ಆಗುವುದಿಲ್ಲ, ಬೆರಳಿಗೆ ಏನಾದರೂ ಕೆಲಸ ಬೇಕು.

ಅಪ್ಪ ಈಗ ಎಲ್ಲಿರಬಹುದು, ಮಳೆಯಲ್ಲಿ, ಹೆಗಲ ಮೇಲೆ ಆ ಒದ್ದೆ ಬಟ್ಟೆ ಹಾಗೇ ಇರುತ್ತದೆ, ಅದನ್ನು ಇಳಿಸಲಿಕ್ಕೂ ಪುರುಸೊತ್ತು ಸಿಕ್ಕಿರಲಾರದು. ಹೋಟೆಲಿನ ಬಾಗಿಲಲ್ಲಿ ಕರಿ ಹಲಗೆ, ಬೆಳಿಗ್ಗೆ ಸೀಮೆಸುಣ್ಣದಲ್ಲಿ ಅಪ್ಪನೇ ಬರೆಯುವುದು, ಮರಾಠಿಯಲ್ಲಿ, ಇಡ್ಲಿ, ಬನ್ಸ್, ಗೋಳಿಬಜೆ, ನೀರುದೋಸೆ, ಯಾವುದು ಮುಗಿಯಿತೋ ಆ ಕ್ಷಣ ಗಲ್ಲಾ ಬಿಟ್ಟು ಎದ್ದುಹೋಗಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಎಷ್ಟೇ ರಶ್ ಇರಲಿ, ದುಡ್ಡು ಹಿಡಿದು ಗಿರಾಕಿ ನಿಂತೇ ಇರಲಿ. ಅವಳು ಎಂಟನೆಯ ಕ್ಲಾಸಿನಲ್ಲಿದ್ದಾಗ ಒಮ್ಮೆ, ಇರಲಿ ಬಿಡಿ ಅಪ್ಪ, ಗೋಳಿಬಜೆ ಅಂತ ನೋಡಿ ಒಳಗೆ ಬಂದವರು ಬೇರೆ ಏನಾದರೂ ತಿಂತಾರೆ ಎಂದಿದ್ದಳು, ತಾನು ಬಹಳ ಬುದ್ಧಿವಂತೆ ಎಂದುಕೊಂಡು. ಇಲ್ಲದ್ದನ್ನು ಬೋರ್ಡಲ್ಲಿ ಇಡ್ಲಿಕ್ಕಾಗ ಮಗಾ, ಹಸಿದವ ಬೋರ್ಡು ನಂಬಿ ಒಳಗೆ ಬರುದು, ನಮ್ಮ ಮುಖ ನೋಡಿ ಅಲ್ಲ. ಅಷ್ಟೇ ಹೇಳಿ ಒರೆಸಿದ್ದರು. ಅಂಥ ಮನುಷ್ಯ ಈಗ ಮಗಳು ಬರೆದ ಬೋರ್ಡಿನ ಹಿಂದೆ ಸ್ಕೂಟರು ಓಡಿಸುತ್ತಿದ್ದಾರೆ. ಮತ್ತೆ ರಿಂಗು ಮಾಡಿದಳು.

ಸಕ್ರವ್ವನ ಕೈ. ಯಾವ ಕೈಗೆ ಕಡಿದಿರಬಹುದು, ಎಡಗೈಯೋ ಬಲಗೈಯೋ, ಬಲಗೈ ತುಂಬ ಹಸಿರು ಬಳೆ, ಸಿಮೆಂಟು ಮೆತ್ತಿದ ಬಳೆ, ಹೋದ ವಾರ ಆ ಕೈಯಲ್ಲೇ ಚಹಾದ ಲೋಟ ಹಿಡಿದು, ಹೋಟೆಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವಳ ಪಕ್ಕ ಬಂದು ನಿಂತಿದ್ದಳು. ಅಕ್ಕಾರ, ಮುಂಜಾನಿಂದ ಸಂಜಿತನಾ ಏನ ಬರಿತೀರಿ ಇದರಾಗ. ಹೆಸರು ಬರೆಯುತ್ತೇನೆ ಸಕ್ರವ್ವ, ಅಂಗಡಿಗೆ ಆಸ್ಪತ್ರೆಗೆ ಫೋನಿನಲ್ಲಿ ಕಾಣುವ ಹೆಸರು. ಬರೇ ಹೆಸರೇನ್ರಿ, ಅದಕ್ಕೂ ಪಗಾರ ಕೊಡ್ತಾರ? ಬಾಯಿ ತುಂಬ ನಕ್ಕಿದ್ದಳು, ಎಲೆಅಡಿಕೆಯ ಕೆಂಪು ನಗು, ಆಮೇಲೆ ಏನು ನೆನಪಾಯಿತೋ, ನಮ್ಮ ಕಡೆ ಹೆಸರ ಇಡೂದು ಸೋದರತ್ತಿ ಕೆಲಸಾರಿ, ತೊಟ್ಟಿಲದಾಗ ಕೂಸಿನ ಕಿವ್ಯಾಗ ಕುರ್ರ್ ಅಂತಾಳ, ನಾ ನಮ್ಮಣ್ಣನ ನಾಕೂ ಮಕ್ಕಳಿಗೆ ನಾನ ಇಟ್ಟೀನಿ, ಹೆಸರ ಇಡೂದಂದ್ರ ಹಗುರ ಅಲ್ರಿ ಅಕ್ಕಾರ, ಒಮ್ಮೆ ಇಟ್ಟ ಮ್ಯಾಲ ಅಳಸಾಕ ಬರೂದಿಲ್ಲ. ಹರ್ಷಿಣಿ ನಕ್ಕು, ನಮ್ಮದನ್ನು ಯಾವಾಗ ಬೇಕಾದರೂ ಅಳಿಸಬಹುದು ಸಕ್ರವ್ವ ಎಂದಿದ್ದಳು. ಅಕ್ಕಾರ ಎಂದರೆ ನಾಚಿಕೆಯಾಗುತ್ತಿತ್ತು, ಸಕ್ರವ್ವನಿಗೆ ಅವಳಿಗಿಂತ ಹತ್ತು ವರ್ಷ ಹೆಚ್ಚು. ಆ ಕೈ ಈಗ ಊದಿಕೊಂಡಿರುತ್ತದೆ, ಬಳೆ ಮಾಂಸದೊಳಗೆ ಕಚ್ಚಿಕೊಂಡಿರುತ್ತವೆ, ಯಾರಾದರೂ ಬಳೆ ತೆಗೆದರೋ ಇಲ್ಲವೋ, ನಾಗರ ಕಡಿದರೆ ಮೊದಲು ರೆಪ್ಪೆ ಬೀಳುತ್ತದೆ, ಆಮೇಲೆ ಗಂಟಲು, ಆಮೇಲೆ ಉಸಿರು — ಇದನ್ನೂ ಅವಳೇ ಬರೆದಿದ್ದಾಳೆ, ಎರಡನೆಯ ಪ್ಯಾರಾ, ಡಾಕ್ಟರನ್ನು ಕೇಳಿ ಬರೆದದ್ದು. ಹನ್ನೊಂದು ಮೂವತ್ತೊಂದು, ದಿಗಂತನಿಂದ ಇನ್ನೂ ಅದೇ ಸಿದ್ಧ ಮೆಸೇಜು. ರಿಂಗು. ಹನ್ನೊಂದು ಮೂವತ್ತೈದು. ರಿಂಗು. ಯಾರೂ ಇಲ್ಲದ ಕೋಣೆಯಲ್ಲಿ ಆ ಕೆಂಪು ಫೋನು ಬಡಕೊಳ್ಳುತ್ತಲೇ ಇದೆ.

ಹನ್ನೆರಡಕ್ಕೆ ನಾಲ್ಕು ನಿಮಿಷ ಇರುವಾಗ ದಿಗಂತ್. ಅಕ್ಕ. ಎಲ್ಲಿದ್ದೀಯೋ, ಎಲ್ಲಿ, ಸಕ್ರವ್ವ ಹೇಗಿದ್ದಾಳೆ. ಸರಕಾರಿ ಹಾಸ್ಪಿಟಲ್, ಈಗಷ್ಟೇ, ಒಳಗೆ ತಗೊಂಡ್ರು, ಇಂಜೆಕ್ಷನ್ ಚಾಲೂ ಮಾಡಿದ್ರು, ಅವಳ ಕಣ್ಣು ಓಪನ್ ಆಗ್ತಾ ಇಲ್ಲ ಅಕ್ಕ, ಶ್ವಾಸ ಮಶೀನ್ ಮೇಲೆ ಇಟ್ಟಿದ್ದಾರೆ. ನಾಸಿಕ್‌ನಲ್ಲೇ ಹುಟ್ಟಿ ಬೆಳೆದ ಇಪ್ಪತ್ತೆರಡರ ಹುಡುಗ, ಕನ್ನಡ ಹುಡುಕಿ ಹುಡುಕಿ ಮಾತಾಡುವವನು, ಅಳು ಬಂದರೆ ಅದೂ ಮರಾಠಿ, ತೂಚ್ ಲಿಹಿಲಂಸ್ ನಾ ಅಕ್ಕ, ನೀನೇ ಬರ್ದದ್ದಲ್ವಾ, ಚೋವೀಸ್ ತಾಸ್, ಇಪ್ಪತ್ನಾಲ್ಕು ಗಂಟೆ ಅಂತ, ನಾನು ಮಹಾದೇವಪ್ಪನಿಗೆ ಹೇಳ್ದೆ, ನಮ್ಮ ಅಕ್ಕ ಸುಳ್ಳು ಬರೆಯೋದಿಲ್ಲ ಅಂತ. ಶಟರ್ ಬಂದ್ ಇತ್ತು ಅಕ್ಕ, ನಾನು ಆಗಲೇ ರಿಟರ್ನ್ ಹೋಗೋಣ ಅಂದೆ, ಗಾಡಿ ಸ್ಟಾರ್ಟ್ ಕೂಡ ಮಾಡ್ದೆ, ಅಷ್ಟರಲ್ಲಿ ಒಳಗೆ ಫೋನ್ ರಿಂಗ್ ಆಯ್ತು. ಏನು? ಒಳಗೆ ಫೋನ್ ರಿಂಗ್ ಆಗ್ತಾ ಇತ್ತು, ನಿಲ್ಲೋದು, ಮತ್ತೆ ರಿಂಗ್, ನಿಲ್ಲೋದು, ಮತ್ತೆ ರಿಂಗ್, ಯಾರೋ ಇದ್ದಾರೆ, ಕಟ್ ಮಾಡ್ತಾ ಇದ್ದಾರೆ ಅಂತ ಅನ್ಸಿತು ನಮಗೆ, ಮಹಾದೇವಪ್ಪ ಎರಡೂ ಕೈಯಲ್ಲಿ ಶಟರ್ ಬಡಿದ, ಬಾಗಿಲ ತಗೀರಿ ಎಪ್ಪಾ, ನಿಮ್ಮ ಪಾದಕ್ಕ ಬೀಳ್ತೀನಿ ಬಾಗಿಲ ತಗೀರಿ ಅಂತ, ಹತ್ತು ಮಿನಿಟು ನಿಂತ್ವಿ ಅಕ್ಕ, ಪೂರಾ ಹತ್ತು ಮಿನಿಟು. ಆಮೇಲೆ ಅಪ್ಪ ಬಂದ್ರು, ಒಂದು ರಿಂಗ್ ಕೇಳಿದ್ರು, ಕೈ ಹಿಡಿದು ಎಳೆದ್ರು ಅವನನ್ನ, ಒಳಗೆ ಯಾರೂ ಇಲ್ಲ ಮಾರಾಯ, ಅಲ್ಲಿಂದ ರಿಂಗ್ ಮಾಡ್ತಿರುದು ನಮ್ಮ ಹರ್ಷಿಣಿ, ಹೊರಡು ಅಂದ್ರು.

ನಮ್ಮ ಹರ್ಷಿಣಿ. ದಿಗಂತ್ ಇನ್ನೂ ಏನೋ ಹೇಳುತ್ತಿದ್ದಾನೆ, ಡಾಕ್ಟರ್ ಕೇಳಿದ್ರು, ಹತ್ತು ಮಿನಿಟು ಮೊದಲು ಯಾಕೆ ತರಲಿಲ್ಲ ಅಂತ, ಸಂಜೆ ತನಕ ಏನೂ ಹೇಳೋಕಾಗೋದಿಲ್ಲ ಅಂದ್ರು, ಮಹಾದೇವಪ್ಪ ಹೊರಗೆ ನೆಲದ ಮೇಲೆ ಕೂತಿದ್ದಾನೆ, ಅವಳ ಬಳೆ ಕತ್ತರಿಸಿ ಕೊಟ್ಟಿದ್ದಾರೆ, ಅದನ್ನು ಟವೆಲಿನಲ್ಲಿ ಕಟ್ಟಿಕೊಂಡು ಕೂತಿದ್ದಾನೆ, ಯಾರನ್ನೂ ಏನೂ ಅನ್ನೋದಿಲ್ಲ ಅಕ್ಕ, ಬೈತಾನೂ ಇಲ್ಲ. ಬೈದಿದ್ದರೆ ಆಗುತ್ತಿತ್ತು. ಹತ್ತು ನಿಮಿಷ. ಅಷ್ಟು ಹೊತ್ತು ಅವಳು ಹೆದರಿ, ಸುಮ್ಮನೆ ಕೂತಿರಲಾರದೆ, ಒಳ್ಳೆಯದಾಗಲಿ ಎಂದೇ, ಬೆರಳಿಗೆ ಕೆಲಸ ಕೊಟ್ಟಳು, ಮೊದಲು ಇಲ್ಲದ ಮದ್ದನ್ನು ಉಂಟು ಎಂದು ಬರೆದಳು, ಆಮೇಲೆ ಇಲ್ಲದ ಮನುಷ್ಯನನ್ನು ಶಟರಿನ ಒಳಗೆ ಕೂರಿಸಿದಳು. ಒಳಗಿನ ಬಾಗಿಲು ತೆರೆಯಿತು, ಡಾಕ್ಟರ್ ಶಶಿಕಾಂತರು ಕನ್ನಡಕ ಒರೆಸುತ್ತ, ಸಾರಿ ಹರ್ಷಿಣೀಜಿ ತಡವಾಯಿತು, ಬನ್ನಿ, ಗ್ರಾಫು ಹೇಗಿದೆ ಎಂದರು. ಅವಳು ಅವರ ಮುಖ ನೋಡಿದಳು, ಲ್ಯಾಪ್‌ಟಾಪು ತೆರೆದಳು. ಯಾರ ಅಪ್ಪಣೆಯನ್ನೂ ಕೇಳದೆ ಸೈಟಿನ ಒಳಗೆ ಹೋಗಿ ಆ ಸಾಲನ್ನು ಪೂರ್ತಿ ಅಳಿಸಿದಳು, ಹಾವು ಕಡಿತಕ್ಕೆ ನಾಸಿಕ್‌ನಲ್ಲಿ ಇಲ್ಲಿಗೆ ಬರಬೇಡಿ, ಸರಕಾರಿ ಆಸ್ಪತ್ರೆಗೆ ಹೋಗಿ, ಎಂದು ಇಂಗ್ಲಿಷಿನಲ್ಲಿ ಬರೆದಳು, ಎಣಿಸಿದಳು, ಐವತ್ತೆರಡು, ಉಳಿಸಿದಳು. ಎಷ್ಟು ಸಲೀಸು. ಮೂರು ತಿಂಗಳ ಹಿಂದೆಯೂ ಇಷ್ಟೇ ಸಲೀಸಿತ್ತು.

ಫೋನಿನಲ್ಲಿ ಹುಡುಕಿದಳು, ಹಾವು ಕಡಿತ ನಾಸಿಕ್. ಸ್ನೇಕ್ ಬೈಟ್ ಟ್ರೀಟ್‌ಮೆಂಟ್ ೨೪ ಅವರ್ಸ್ ನಾಸಿಕ್ ರೋಡ್, ಛತ್ರಪತಿ ಸಂಭ, ಮೂರು ಚುಕ್ಕಿ. ಗೊತ್ತಿತ್ತು, ಇದೂ ಗೊತ್ತಿತ್ತು, ಹೊಸದನ್ನು ಬರೆದ ಕೂಡಲೇ ಅದು ಬದಲಾಗುವುದಿಲ್ಲ, ಸರ್ಚಿನ ಯಂತ್ರ ತನ್ನ ಪುರುಸೊತ್ತಿನಲ್ಲಿ ಬಂದು ನೋಡಿಕೊಂಡು ಹೋಗಬೇಕು, ಎರಡು ದಿನವೋ ಎಂಟು ದಿನವೋ, ಗಿರಾಕಿಗಳಿಗೆ ಅವಳೇ ಹೇಳುತ್ತಾಳೆ, ಸ್ವಲ್ಪ ತಾಳ್ಮೆ ಬೇಕು ಸರ್ ಇದಕ್ಕೆ. ಹೊರಗೆ ಮಳೆ ಜೋರಾಗಿದೆ, ನಾಸಿಕ್‌ನಲ್ಲೂ ಜೋರಿರುತ್ತದೆ, ಇಗತಪುರಿಯ ಕಡೆ ಬಿಲಗಳಿಗೆಲ್ಲ ನೀರು ನುಗ್ಗಿರುತ್ತದೆ, ಎಲ್ಲೋ ಯಾರೋ ಯಾವುದೋ ಕಟ್ಟಿಗೆ ರಾಶಿಗೆ, ಇಟ್ಟಿಗೆ ರಾಶಿಗೆ ಕೈ ಹಾಕುತ್ತಿರುತ್ತಾರೆ, ಅವರ ಮನೆಯ ಹುಡುಗ ಫೋನು ತೆಗೆಯುತ್ತಾನೆ. ಮತ್ತೆ ಹುಡುಕಿದಳು. ಅದೇ. ಒಮ್ಮೆ ಇಟ್ಟ ಮ್ಯಾಲ ಅಕ್ಕಾರ. ಹೆಬ್ಬೆರಳಿಂದ ಗಾಜನ್ನು ಉಜ್ಜಿದಳು, ದುಪಟ್ಟಾದ ಒದ್ದೆ ತುದಿಯಿಂದ ಉಜ್ಜಿದಳು, ಅಪ್ಪ ಹಲಗೆ ಒರೆಸುವ ಹಾಗೆ, ಎಡದಿಂದ ಬಲಕ್ಕೆ, ಗಾಜು ಸ್ವಚ್ಛವಾಯಿತು, ಅಕ್ಷರ ಇನ್ನೂ ಸ್ಪಷ್ಟವಾದವು, ನಾಸಿಕ್ ರೋಡ್, ಛತ್ರಪತಿ ಸಂಭ, ಮೂರು ಚುಕ್ಕಿ. ಮತ್ತೆ ಹುಡುಕಿದಳು, ಛತ್ರಪತಿ ಸಂಭ, ಮೂರು ಚುಕ್ಕಿ. ಮತ್ತೆ. ಸಂಭ, ಮೂರು ಚುಕ್ಕಿ. ಮತ್ತೆ. ಮೂರು ಚುಕ್ಕಿ.